ಬಸಿರಿನಲ್ಲಿ ಮೊಡವೆ, ಬಂಗು, ಪಾರ್ಲರ್: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬಹುದು?

ಪ್ರಶ್ನೆ: ಮೊದಲಬಸಿರು

ನಾನೀಗ ಮೂರು ತಿಂಗಳ ಗರ್ಭಿಣಿ. ಗರ್ಭ ನಿಂತಿರುವುದು ಖಚಿತವಾಗುವವರೆಗೂ, ಮೊಡವೆಗೆಂದು ಚರ್ಮವೈದ್ಯರು ಬರೆದುಕೊಟ್ಟಿದ್ದ ಅಡಪಲೀನ್ ಜೆಲ್ ಅನ್ನು ರಾತ್ರಿ ಹೊತ್ತು ಹಚ್ಚಿಕೊಳ್ಳುತ್ತಿದ್ದೆ. ಬೆಳಗ್ಗೆ ಸ್ಯಾಲಿಸಿಲಿಕ್ ಆಮ್ಲವಿರುವ ಫೇಸ್‌ವಾಶ್ ಬಳಸುತ್ತಿದ್ದೆ. ಪರೀಕ್ಷೆಯ ಫಲಿತಾಂಶ ಬಂದ ದಿನವೇ ಎರಡನ್ನೂ ನಿಲ್ಲಿಸಿದೆ. ಅಷ್ಟರೊಳಗೆ ಮಗುವಿಗೆ ಏನಾದರೂ ತೊಂದರೆಯಾಗಿರಬಹುದೇ ಎಂಬ ಯೋಚನೆ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಈಗ ಗಲ್ಲದ ಸುತ್ತ ಮೊಡವೆಗಳು ಮೊದಲಿಗಿಂತ ಹೆಚ್ಚಾಗಿವೆ, ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಳ್ಳತೊಡಗಿದೆ. ಮನೆಯ ಹಿರಿಯರು ಸೋಪನ್ನು ಬಿಟ್ಟು ಬೇರೇನನ್ನೂ ಮುಟ್ಟಬೇಡ ಎನ್ನುತ್ತಾರೆ. ಅಂಗಡಿಯವರು ಮಾತ್ರ ‘ಗಿಡಮೂಲಿಕೆಯದ್ದು, ಏನೂ ಆಗುವುದಿಲ್ಲ’ ಎಂದು ದಿನಕ್ಕೊಂದು ಸೀರಮ್ ತೋರಿಸುತ್ತಾರೆ. ಇದಲ್ಲದೆ ಕಾಲಿನ ಕೂದಲಿಗೆ ಲೇಸರ್ ಚಿಕಿತ್ಸೆ ಅರ್ಧದಲ್ಲಿ ನಿಂತಿದೆ, ತಲೆಯಲ್ಲಿ ಬಿಳಿಕೂದಲು ಎದ್ದು ಕಾಣುತ್ತಿದೆ. ಪ್ರಸೂತಿ ತಜ್ಞೆಯನ್ನು ಮತ್ತೆ ಭೇಟಿಯಾಗಲು ಇನ್ನೂ ಸಮಯವಿದೆ. ಯಾವುದು ನಿಜವಾಗಿ ಅಪಾಯಕಾರಿ, ಯಾವುದು ಬರೀ ಭಯ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಔಷಧಿಪೆಟ್ಟಿಗೆ

ನಾನು ಔಷಧಶಾಸ್ತ್ರ ಓದಿ ಆ ಕೆಲಸದಲ್ಲೇ ಇರುವವನು, ವೈದ್ಯನಲ್ಲ. ಆದ್ದರಿಂದ ಇಲ್ಲಿ ಬರೆಯುವುದನ್ನು ನಿಮ್ಮ ವೈದ್ಯರ ಮುಂದಿಡಲು ಒಂದು ಸಿದ್ಧತೆ ಎಂದಷ್ಟೇ ತಿಳಿಯಿರಿ.

ನಿಮ್ಮ ನಿದ್ದೆ ಕೆಡಿಸಿರುವ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಡಪಲೀನ್ ‘ಎ’ ಜೀವಸತ್ವದ ಸಂಬಂಧಿಯಾದ ರೆಟಿನಾಯ್ಡ್ ಗುಂಪಿನ ಔಷಧ. ಈ ಗುಂಪಿನ ಹೆಸರು ಕೇಳಿದೊಡನೆ ಎಲ್ಲರೂ ಬೆಚ್ಚುವುದಕ್ಕೆ ಕಾರಣ ಅಡಪಲೀನ್ ಅಲ್ಲ, ನುಂಗುವ ಐಸೊಟ್ರೆಟಿನಾಯಿನ್. 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಕ್ಯಾಪ್ಸೂಲನ್ನು ಗರ್ಭದ ಮೊದಲ ವಾರಗಳಲ್ಲಿ ಸೇವಿಸಿದವರ ಮಕ್ಕಳಲ್ಲಿ ಕಿವಿ, ಮುಖ, ಹೃದಯ, ಮೆದುಳುಗಳ ಗಂಭೀರ ವೈಕಲ್ಯಗಳು ಕಂಡುಬಂದವು. ಹಾಗಾಗಿಯೇ ಅದನ್ನು ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು ಎಂಬ ಕಟ್ಟುನಿಟ್ಟು ಇದೆ. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಮೈಯಲ್ಲಿ ಬಹುಕಾಲ ಉಳಿಯಬಲ್ಲದ್ದರಿಂದ ಅದಕ್ಕೆ ಈ ಕಾಯುವಿಕೆ ಮೂರು ವರ್ಷ.

ಮುಖಕ್ಕೆ ತೆಳುವಾಗಿ ಹಚ್ಚಿದ ಅಡಪಲೀನ್ ಜೆಲ್ ಇವುಗಳ ಸಾಲಿಗೆ ಬರುವುದಿಲ್ಲ, ಏಕೆಂದರೆ ಅದು ಚರ್ಮವನ್ನು ದಾಟಿ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ಗರ್ಭದ ಮೊದಲ ಮೂರು ತಿಂಗಳಲ್ಲಿ ಹಚ್ಚುವ ರೆಟಿನಾಯ್ಡ್‌ಗಳನ್ನು ಬಳಸಿದ್ದ 654 ಗರ್ಭಿಣಿಯರನ್ನು, ಬಳಸದಿದ್ದ 1,375 ಮಂದಿಯೊಂದಿಗೆ ಹೋಲಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಜನ್ಮಜಾತ ದೋಷಗಳಾಗಲಿ ಗರ್ಭಪಾತವಾಗಲಿ ಗಣನೀಯವಾಗಿ ಹೆಚ್ಚಿರಲಿಲ್ಲ. ಸಣ್ಣದೊಂದು ಅಪಾಯವೂ ಇಲ್ಲವೆಂದು ಸಾರಲು ಈ ಸಂಖ್ಯೆ ಸಾಲದು, ಆದ್ದರಿಂದಲೇ ಗೊತ್ತಿದ್ದೂ ಅದನ್ನು ಮುಂದುವರಿಸಿ ಎಂದು ಯಾರೂ ಹೇಳುವುದಿಲ್ಲ. ಆದರೆ ಗೊತ್ತಾಗುವ ಮುನ್ನ ಹಚ್ಚಿದ್ದಕ್ಕಾಗಿ ಕಂಗಾಲಾಗಬೇಕಾಗಿಲ್ಲ ಎನ್ನಲು ಧಾರಾಳವಾಗಿ ಸಾಕು. ನಿಲ್ಲಿಸಿದ್ದು ಸರಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸಿ, ಎಲ್ಲರಿಗೂ ಮಾಡುವ ಸ್ಕ್ಯಾನಿಂಗ್‌ಗಳನ್ನು ಮಾಡಿಸಿಕೊಳ್ಳಿ. ಟ್ರೆಟಿನಾಯಿನ್, ಟಜರೋಟೀನ್, ಸೌಂದರ್ಯವರ್ಧಕಗಳಲ್ಲಿರುವ ರೆಟಿನಾಲ್, ರೆಟಿನಾಲ್ಡಿಹೈಡ್, ರೆಟಿನೈಲ್ ಪಾಲ್ಮಿಟೇಟ್ ಇವನ್ನೂ ಹೆರಿಗೆಯವರೆಗೆ ಪಕ್ಕಕ್ಕಿಡಿ. ‘ವಯಸ್ಸು ಮರೆಸುವ’ ರಾತ್ರಿ ಕ್ರೀಮುಗಳಲ್ಲಿ ಇವು ಸದ್ದಿಲ್ಲದೆ ಸೇರಿಕೊಂಡಿರುತ್ತವೆ.

ಉಳಿದದ್ದನ್ನು ಅಳೆಯುವಾಗಲೂ ನಾನು ನೋಡುವುದು ಇದನ್ನೇ: ಹಚ್ಚಿದ್ದರಲ್ಲಿ ರಕ್ತಕ್ಕೆ ಇಳಿಯುವುದು ಎಷ್ಟು, ಎಷ್ಟು ಅಗಲಕ್ಕೆ ಎಷ್ಟು ಕಾಲ ಹಚ್ಚುತ್ತೀರಿ, ಮತ್ತು ಹೆರಿಗೆಯವರೆಗೆ ತಡೆಯಲಾಗದಷ್ಟು ಅದು ಅಗತ್ಯವೇ. ‘ಕೆಮಿಕಲ್’ ಮತ್ತು ‘ನೈಸರ್ಗಿಕ’ ಎಂಬ ವಿಂಗಡಣೆ ಅಂಗಡಿಯವರಿಗೆ ಅನುಕೂಲವೇ ಹೊರತು ಭ್ರೂಣಕ್ಕೆ ಅದರಿಂದ ಏನೂ ಆಗಬೇಕಾದ್ದಿಲ್ಲ. ರೆಟಿನಾಲ್‌ಗೆ ಬದಲಿಯಾಗಿ ಈಗ ಬಹಳ ಮಾರಾಟವಾಗುತ್ತಿರುವ ಬಕುಚಿಯಾಲ್ ಗಿಡದಿಂದ ಬಂದದ್ದೇ ಆದರೂ ಗರ್ಭಿಣಿಯರಲ್ಲಿ ಅದನ್ನು ಸರಿಯಾಗಿ ಪರೀಕ್ಷಿಸಿಲ್ಲ. ಅತ್ತ ಬೆಂಜಾಯ್ಲ್ ಪೆರಾಕ್ಸೈಡ್ ಹೆಸರು ಕೇಳಿದರೆ ಕಾರ್ಖಾನೆಯ ನೆನಪಾಗುತ್ತದೆ, ಆದರೆ ಅದು ಚರ್ಮದಲ್ಲೇ ಬೆಂಜಾಯಿಕ್ ಆಮ್ಲವಾಗಿ ಬದಲಾಗಿ, ಒಳಸೇರುವ ಶೇ. 5ರಷ್ಟು ಭಾಗವೂ ಮೂತ್ರದಲ್ಲಿ ಹೊರಹೋಗುತ್ತದೆ.

ನಿಮ್ಮ ಗಲ್ಲದ ಮೊಡವೆಗೆ ಅದೇ ಒಂದು ದಾರಿ. ಇನ್ನೊಂದು, ನನ್ನ ಮಟ್ಟಿಗೆ ಹೆಚ್ಚು ಒಳ್ಳೆಯದು, ಅಜೆಲಾಯಿಕ್ ಆಮ್ಲ. ಧಾನ್ಯಗಳಲ್ಲೂ ಇರುವ ಈ ಆಮ್ಲ ಚರ್ಮದ ಮೂಲಕ ಒಳಹೋಗುವುದು ಶೇ. 4ರ ಆಸುಪಾಸು, ಮೊಡವೆಗೂ ಬಂಗಿಗೂ ಎರಡಕ್ಕೂ ಕೆಲಸ ಮಾಡುತ್ತದೆ. ಮೊದಲ ಕೆಲವು ದಿನ ಚುರುಗುಟ್ಟುವುದು, ತುರಿಸುವುದು ಸಾಮಾನ್ಯ. ಒದ್ದೆ ಮುಖದ ಮೇಲೆ ಹಚ್ಚಿದರೆ ಇನ್ನೂ ಹೆಚ್ಚಾಗುತ್ತದೆ, ಆದ್ದರಿಂದ ಮುಖ ಪೂರ್ತಿ ಒಣಗಿದ ಮೇಲೆ ಹಚ್ಚಿ. ಇವೆರಡರ ಜೊತೆಗೆ ಸ್ಯಾಲಿಸಿಲಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳಿರುವ ಸಾಧಾರಣ ಉತ್ಪನ್ನಗಳನ್ನೂ ಬಳಸಬಹುದೆಂದು ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು ಹೇಳುತ್ತದೆ. ಹಾಗಾಗಿ ಶೇ. 2ಕ್ಕಿಂತ ಹೆಚ್ಚಿಲ್ಲದ, ಹಚ್ಚಿ ತೊಳೆದುಬಿಡುವ ನಿಮ್ಮ ಫೇಸ್‌ವಾಶ್ ನಿಲ್ಲಿಸಬೇಕಾದ್ದೇ ಇರಲಿಲ್ಲ. ಸ್ಯಾಲಿಸಿಲಿಕ್ ಆಮ್ಲ ಆಸ್ಪಿರಿನ್‌ನ ನೆಂಟನಾದ್ದರಿಂದ ಪಾರ್ಲರಿನಲ್ಲೋ ಕ್ಲಿನಿಕ್ಕಿನಲ್ಲೋ ಚರ್ಮದ ಮೇಲ್ಪದರ ಸುಲಿಯಲು ಮಾಡುವ ಶೇ. 20, 30ರ ಪೀಲ್ ಮತ್ತು ಮೈತುಂಬ ಹಚ್ಚುವ ಲೇಪನಗಳನ್ನು ಮಾತ್ರ ಬಿಡಬೇಕು. ಮೊಡವೆ ಕೀವುಗಟ್ಟಿ ನೋಯುತ್ತಿದ್ದರೆ ಹಚ್ಚುವ ಕ್ಲಿಂಡಮೈಸಿನ್ ಎಂಬ ಆಂಟಿಬಯಾಟಿಕ್ ಅನ್ನು ವೈದ್ಯರು ಬೆಂಜಾಯ್ಲ್ ಪೆರಾಕ್ಸೈಡ್ ಜೊತೆ ಸೇರಿಸಿ ಕೊಡಬಹುದು. ಮನೆಯಲ್ಲಿ ಉಳಿದಿರುವ ಡಾಕ್ಸಿಸೈಕ್ಲಿನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನುಂಗಬೇಡಿ. ಮೊದಲನೆಯ ಗುಂಪಿನ ಔಷಧಗಳು ಬಸಿರಿನ ಉತ್ತರಾರ್ಧದಲ್ಲಿ ಮಗುವಿನ ಹಲ್ಲಿಗೆ ಶಾಶ್ವತ ಕಲೆ ತರಬಲ್ಲವು, ಎರಡನೆಯದು ಗಂಡು ಭ್ರೂಣದ ಬೆಳವಣಿಗೆಗೆ ಬೇಕಾದ ಪುರುಷ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತದೆ.

ಒಂದು ಮಾತು ಸೇರಿಸಬೇಕು. ಬಸಿರಿನಲ್ಲಿ ಯಾವ ಔಷಧ ಎಷ್ಟು ಅಪಾಯಕಾರಿ ಎಂದು ತೋರಿಸಲು ಎ, ಬಿ, ಸಿ, ಡಿ, ಎಕ್ಸ್ ಎಂದು ಅಕ್ಷರ ಹಾಕಿದ ಪಟ್ಟಿಗಳು ಅಂತರ್ಜಾಲದಲ್ಲಿ ಇನ್ನೂ ಓಡಾಡುತ್ತಿವೆ. ಅವನ್ನು ಹೊರತಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2015ರಿಂದ ಅವುಗಳ ಬದಲು ವಿವರಣೆ ಬರೆಯುವ ಪದ್ಧತಿಗೆ ಬಂದಿದೆ, ಏಕೆಂದರೆ ಜನ ಅವುಗಳನ್ನು ಪರೀಕ್ಷೆಯ ಅಂಕಗಳಂತೆ ಓದುತ್ತಿದ್ದರು.

ಉತ್ತರ: ಎರಡುಮಕ್ಕಳತಾಯಿ

ಮೇಲಿನವರು ಮೊಡವೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ, ಆದರೆ ಬಂಗಿನ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದಾರೆ. ನನಗೆ ಎರಡೂ ಬಸಿರಿನಲ್ಲಿ ಬಂಗು ಬಂದಿತ್ತು, ಚರ್ಮವೈದ್ಯರನ್ನು ಕಂಡಾಗ ಅವರು ಮೊದಲು ಹೇಳಿದ್ದು ಕ್ರೀಮಿನ ಮಾತನ್ನಲ್ಲ, ಬೆಳಕಿನ ಮಾತನ್ನು. ಬಸಿರಿನ ಹಾರ್ಮೋನುಗಳು ಬಣ್ಣ ತಯಾರಿಸುವ ಕೋಶಗಳನ್ನು ಎಬ್ಬಿಸಿರುತ್ತವೆ, ಬಿಸಿಲು ಅವುಗಳಿಗೆ ಮತ್ತಷ್ಟು ಕುಮ್ಮಕ್ಕು ಕೊಡುತ್ತದೆ. ಆದ್ದರಿಂದ ಸನ್‌ಸ್ಕ್ರೀನ್ ಇಲ್ಲದೆ ಉಳಿದ ಯಾವ ಸೀರಮ್ ಹಚ್ಚಿದರೂ ಹಣ ದಂಡ.

ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಆರಿಸಿ; ಇವು ಬಹುತೇಕ ಚರ್ಮದ ಮೇಲೆಯೇ ಉಳಿಯುತ್ತವೆ. ಬೇರೆ ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆಂಜೋನ್‌ನಂಥವು ರಕ್ತದಲ್ಲಿ ಪತ್ತೆಯಾಗುವಷ್ಟು ಒಳಹೋಗುತ್ತವೆ ಎಂದು 2019 ಮತ್ತು 2020ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅದರಿಂದ ಹಾನಿಯಾಗುತ್ತದೆಂದು ಇದರ ಅರ್ಥವಲ್ಲ, ಆದರೆ ಬೇರೆ ಆಯ್ಕೆ ಇರುವಾಗ ಅದೇ ಏಕೆ ಬೇಕು? ಬಂಗು ಇರುವವರಿಗೆ ಇನ್ನೂ ಒಂದು ಸೂಕ್ಷ್ಮವಿದೆ. ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಗಾಢವಾಗಿಸುತ್ತದೆ, ಕಿಟಕಿಯ ಗಾಜು ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಛಾಯೆಯಿರುವ ಸನ್‌ಸ್ಕ್ರೀನ್ ಮಾತ್ರ ಅದಕ್ಕೆ ಸ್ವಲ್ಪ ಅಡ್ಡ ನಿಲ್ಲುತ್ತದೆ. ಬೆಳಗ್ಗೆ ಒಮ್ಮೆ ಬಳಿದು ಮರೆತರೆ ಪ್ರಯೋಜನವಿಲ್ಲ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ವಿಟಮಿನ್ ಸಿ, ನಿಯಾಸಿನಮೈಡ್ ಸೀರಮ್‌ಗಳಿಗೆ ಅಡ್ಡಿಯಿಲ್ಲ. ಹೆರಿಗೆಯಾದ ಮೇಲೆ ಕೆಲವು ತಿಂಗಳಲ್ಲಿ ಬಂಗು ಅನೇಕರಿಗೆ ತಾನಾಗಿ ತಿಳಿಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಹೊಟ್ಟೆಯ ಮೇಲೆ ಬಿರುಕು ಗೆರೆಗಳು ಬಾರದಂತೆ ತಡೆಯುತ್ತದೆಂದು ಮಾರುವ ದುಬಾರಿ ಎಣ್ಣೆಗೆ ಮರುಳಾಗಬೇಡಿ. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 2012ರಲ್ಲಿ 800 ಮಹಿಳೆಯರಿದ್ದ ಆರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಯಾವ ಲೇಪನವೂ ಆ ಗೆರೆಗಳನ್ನು ತಡೆಯುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಸಿಗಲಿಲ್ಲ. ಚರ್ಮ ಒಣಗಿ ಬಿಗಿಯುವಾಗ ಹಿತವಾಗಲೆಂದು ಸಾದಾ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ, ಅಷ್ಟು ಸಾಕು.

ಮರುಪ್ರಶ್ನೆ: ಮೊದಲಬಸಿರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಡಪಲೀನ್ ಬಗ್ಗೆ ಓದಿದ ಮೇಲೆ ಮನಸ್ಸು ಹಗುರವಾಯಿತು. ಬಂಗಿಗೆಂದು ಬಂಧುವೊಬ್ಬರು ಒಂದು ಸಣ್ಣ ಡಬ್ಬಿ ಕ್ರೀಮ್ ತಂದುಕೊಟ್ಟಿದ್ದಾರೆ. ‘ಹತ್ತೇ ದಿನದಲ್ಲಿ ಬೆಳ್ಳಗೆ’ ಎಂದು ಮುಚ್ಚಳದ ಮೇಲೆ ಬರೆದಿದೆ. ಒಳಗೆ ಏನಿದೆ ಎಂಬ ಪಟ್ಟಿ ಇಲ್ಲ. ಅವರು ಬಳಸಿ ಗುಣ ಕಂಡಿದ್ದಾರಂತೆ. ನಾನಿನ್ನೂ ಹಚ್ಚಿಲ್ಲ. ಇದನ್ನು ಏನೆಂದು ಭಾವಿಸಬೇಕು?

ಉತ್ತರ: ಔಷಧಿಪೆಟ್ಟಿಗೆ

ದಯವಿಟ್ಟು ಹಚ್ಚಬೇಡಿ. ಈ ಇಡೀ ಚರ್ಚೆಯಲ್ಲಿ ನಾನು ಧ್ವನಿ ಎತ್ತರಿಸಿ ಹೇಳುವ ಮಾತೊಂದಿದ್ದರೆ ಅದು ಇದೇ. ಗರ್ಭಿಣಿಯರು ಅಂಜಿ ಬಿಡುವ ಫೇಸ್‌ವಾಶ್‌ಗಿಂತ, ಅಂಜದೆ ಹಚ್ಚಿಕೊಳ್ಳುವ ಇಂಥ ಡಬ್ಬಿಗಳು ಎಷ್ಟೋ ಪಾಲು ಅಪಾಯಕಾರಿ.

ಪದಾರ್ಥಗಳ ಪಟ್ಟಿಯಿಲ್ಲದೆ ಬೇಗ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು: ಪಾದರಸ, ಹೈಡ್ರೋಕ್ವಿನೋನ್, ಬಲವಾದ ಸ್ಟೀರಾಯ್ಡ್. ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆ, ಆದ್ದರಿಂದ ಮುಖ ನಿಜವಾಗಿಯೂ ಬೆಳ್ಳಗಾಗುತ್ತದೆ, ನಿಮ್ಮ ಬಂಧುಗಳು ಹೇಳಿದ್ದು ಸುಳ್ಳಿರಲಿಕ್ಕಿಲ್ಲ. ಆದರೆ ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನೂ ನರಗಳನ್ನೂ ಕೆಡಿಸುತ್ತದೆ, ಮಾಸುವನ್ನು ದಾಟಿ ಮಗುವಿಗೂ ತಲುಪುತ್ತದೆ. ಡಬ್ಬಿಯಿಂದ ಏಳುವ ಆವಿ, ಟವೆಲ್ಲು, ದಿಂಬಿನ ಕವರು ಇವುಗಳ ಮೂಲಕ ಹಚ್ಚಿಕೊಳ್ಳದವರ ಮೈಗೂ ಹೋಗುತ್ತದೆ. 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂದ, ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದಲ್ಲಿ ಇಂಥ ಸೌಂದರ್ಯವರ್ಧಕಗಳನ್ನು ಕೊನೆಗಾಣಿಸಬೇಕೆಂಬ ನಿಬಂಧನೆ ಇದೆ. ಆದರೂ ಕಳ್ಳದಾರಿಯಲ್ಲಿ ಅವು ಮಾರಾಟವಾಗುತ್ತಲೇ ಇವೆ.

ಲೇಬಲ್ ಇದ್ದರೂ ಅದರಲ್ಲಿ ನೇರವಾಗಿ ಪಾದರಸ ಎಂದು ಬರೆದಿರುವುದಿಲ್ಲ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೊಡೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರುಗಳನ್ನು ಹುಡುಕಿ. ಇನ್ನೂ ಒಂದು ಗುರುತು ಇದೆ, ಅದನ್ನು ನೋಡಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಡಬ್ಬಿಯ ಮೂಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರಿಗೆ ತಾಗಿಸಬೇಡಿ’ ಎಂಬ ಎಚ್ಚರಿಕೆ ಇರುತ್ತದೆ. ಪಾದರಸ ಆ ಲೋಹಗಳೊಂದಿಗೆ ಬೆರೆಯುತ್ತದೆಂದು ತಯಾರಿಸಿದವರಿಗೆ ಗೊತ್ತು. ಬಳೆಗೆ ತಾಗಬಾರದ ವಸ್ತುವನ್ನು ಕೆನ್ನೆಗೆ ಹಚ್ಚಲು ಕೊಟ್ಟಿರುತ್ತಾರೆ!

ಹೈಡ್ರೋಕ್ವಿನೋನ್ ವೈದ್ಯರೂ ಬರೆದುಕೊಡುವ ಔಷಧವೇ. ಆದರೆ ಹಚ್ಚಿದ್ದರಲ್ಲಿ ಶೇ. 35ರಿಂದ 45ರಷ್ಟು ಮೈಯೊಳಗೆ ಹೋಗುತ್ತದೆ. ಮೇಲೆ ಹೇಳಿದ ಅಜೆಲಾಯಿಕ್ ಆಮ್ಲದ ಶೇ. 4ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಬಸಿರಿನಲ್ಲಿ ಯಾಕೆ ಬೇಡ ಎಂಬುದು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಜೊತೆ ಸೇರಿಸಿದ ‘ಮೂರು ಔಷಧಗಳ ಕ್ರೀಮ್’ ಬಂಗಿಗೆಂದೇ ಪ್ರಸಿದ್ಧ, ಹಳೆಯ ಚೀಟಿ ತೋರಿಸಿ ಅದನ್ನು ಮತ್ತೆ ತರಿಸಿಕೊಳ್ಳುವವರು ಬಹಳ. ಬಸಿರು ನಿಂತ ಮೇಲೆ ಆ ಟ್ಯೂಬಿಗೆ ಕೈಹಾಕಬಾರದು. ಇನ್ನು ಸ್ಟೀರಾಯ್ಡ್‌ಗಳಲ್ಲಿ ಸೌಮ್ಯವಾದವನ್ನು ಎಕ್ಸಿಮಾದಂಥ ತೊಂದರೆಗೆ ವೈದ್ಯರು ಬಸಿರಿನಲ್ಲೂ ಕೊಡುತ್ತಾರೆ, ಅದಕ್ಕೆ ಭಯಪಟ್ಟು ತುರಿಸಿಕೊಂಡು ಕೂರಬೇಡಿ. ಬಲವಾದವನ್ನು ಬಹಳ ಪ್ರಮಾಣದಲ್ಲಿ, ಎಂದರೆ ಇಡೀ ಬಸಿರಿನಲ್ಲಿ 300 ಗ್ರಾಂಗಿಂತ ಹೆಚ್ಚು ಬಳಸಿದವರಲ್ಲಿ ಮಗುವಿನ ತೂಕ ಕಡಿಮೆಯಾಗುವ ಸಂಬಂಧ ಕಂಡುಬಂದಿದೆ.

ಆ ಡಬ್ಬಿಯನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿಡಿ, ಚರಂಡಿಗೆ ಸುರಿಯಬೇಡಿ. ನಿಮ್ಮ ಬಂಧುಗಳಿಗೂ ವಿಷಯ ತಿಳಿಸಿ, ಅವರು ಬಹುಕಾಲದಿಂದ ಬಳಸುತ್ತಿದ್ದರೆ ವೈದ್ಯರನ್ನು ಕಂಡು ಮೂತ್ರದಲ್ಲಿ ಪಾದರಸ ಇದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಉತ್ತರ: ಪಾರ್ಲರ್‌ಕೆಲಸದವಳು

ನಿಮ್ಮ ಲೇಸರ್ ಮತ್ತು ಬಿಳಿಕೂದಲಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಲೇಸರ್ ಅನ್ನು ಹೆರಿಗೆಯಾಗುವವರೆಗೆ ಮುಂದೂಡಿ. ಅದರ ಬೆಳಕು ಚರ್ಮವನ್ನು ದಾಟಿ ಗರ್ಭಕೋಶದವರೆಗೆ ಹೋಗುವುದಿಲ್ಲ, ನಿಜ. ಆದರೆ ಬಸಿರಿನಲ್ಲಿ ಚರ್ಮ ಸುಲಭವಾಗಿ ಕಪ್ಪುಗಟ್ಟುತ್ತದೆ, ಹಾರ್ಮೋನುಗಳಿಂದ ಕೂದಲ ಬೆಳವಣಿಗೆಯ ಲೆಕ್ಕವೇ ತಪ್ಪಿರುತ್ತದೆ, ಗರ್ಭಿಣಿಯರ ಮೇಲೆ ಪರೀಕ್ಷೆಗಳೂ ನಡೆದಿಲ್ಲ. ಹೀಗಿರುವಾಗ ಕೊಟ್ಟ ದುಡ್ಡಿಗೆ ಫಲವೂ ಸಿಗುವುದಿಲ್ಲ. ಉಳಿದಿರುವ ಸರದಿಗಳನ್ನು ಕಾಯ್ದಿರಿಸಿ ಎಂದು ಕೇಳಿ, ಒಳ್ಳೆಯ ಕ್ಲಿನಿಕ್ಕಿನವರು ಒಪ್ಪುತ್ತಾರೆ. ಅಲ್ಲಿಯವರೆಗೆ ಶೇವಿಂಗ್, ಥ್ರೆಡಿಂಗ್, ವ್ಯಾಕ್ಸಿಂಗ್ ಯಾವುದಾದರೂ ಆಗಬಹುದು. ವ್ಯಾಕ್ಸಿಂಗ್ ಮಾತ್ರ ಈಗ ಮೊದಲಿಗಿಂತ ಹೆಚ್ಚು ನೋಯುತ್ತದೆ, ಮೇಣದ ಬಿಸಿಯನ್ನು ಮಣಿಕಟ್ಟಿನ ಮೇಲೆ ನೋಡಿಸಿಕೊಂಡೇ ಶುರುಮಾಡಿಸಿ. ಬೊಟಾಕ್ಸ್, ಫಿಲ್ಲರ್ ಚುಚ್ಚುಮದ್ದುಗಳೂ ಕಾಯಲಿ.

ತಲೆಗೆ ಬಣ್ಣ ಹಾಕಿಸಲು ಅಡ್ಡಿಯಿಲ್ಲ, ನೆತ್ತಿಯ ಮೂಲಕ ಒಳಹೋಗುವುದು ತೀರ ಕಡಿಮೆ. ಮೊದಲ 12 ವಾರ ಕಳೆಯಲಿ ಎನ್ನುವುದು ಒಂದು ಹೆಚ್ಚುವರಿ ಎಚ್ಚರಿಕೆ, ನಿಮಗದು ಹೇಗೂ ಮುಗಿಯುತ್ತ ಬಂದಿದೆ. ಹಿಂದೆ ಒಗ್ಗಿದ ಬಣ್ಣವೇ ಆದರೂ ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಿಕೊಳ್ಳಿ, ಕಿಟಕಿ ತೆರೆದಿರುವ ಕಡೆ ಕುಳಿತುಕೊಳ್ಳಿ. ಕೂದಲು ನೇರವಾಗಿಸುವ ಕೆರಾಟಿನ್, ಸ್ಮೂತನಿಂಗ್ ಚಿಕಿತ್ಸೆಗಳು ಬೇಡವೇ ಬೇಡ. ಇಸ್ತ್ರಿಯ ಬಿಸಿ ತಾಗಿದೊಡನೆ ಅವುಗಳಲ್ಲಿ ಹಲವು ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ಹೊಗೆ ಬಿಡುತ್ತವೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಮಾರುವವುಗಳಲ್ಲಿರುವ ಗ್ಲೈಆಕ್ಸಿಲಿಕ್ ಆಮ್ಲದಿಂದ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಆ ಹೊಗೆಯಲ್ಲಿ ದಿನವಿಡೀ ನಿಲ್ಲುವ ನಮ್ಮಂಥವರ ಬಗ್ಗೆ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಸಾದಾ ಫೇಶಿಯಲ್ ಮಾಡಿಸಿಕೊಳ್ಳಬಹುದು, ಆದರೆ ಬಸಿರಿನ ವಿಷಯವನ್ನು ಕುರ್ಚಿಯಲ್ಲಿ ಕೂರುವ ಮುನ್ನವೇ ಹೇಳಿ. ಹೇಳದಿದ್ದರೆ ಕೆಲವು ಪ್ಯಾಕೇಜುಗಳಲ್ಲಿ ಮುಖಕ್ಕೆ ಜೆಲ್ ಹಚ್ಚಿ, ಒಂದು ಲೋಹದ ಹಿಡಿಯನ್ನು ನಿಮ್ಮ ಕೈಗೆ ಕೊಟ್ಟು, ಇನ್ನೊಂದನ್ನು ಕೆನ್ನೆಯ ಮೇಲೆ ಆಡಿಸತೊಡಗುತ್ತಾರೆ. ಅದು ಮೈಯ ಮೂಲಕ ಸಣ್ಣ ವಿದ್ಯುತ್ತನ್ನು ಹರಿಸುವ ಯಂತ್ರ, ಗರ್ಭಿಣಿಯರಿಗೆ ಬಳಸಬಾರದೆಂದು ನಮಗೆ ತರಬೇತಿಯಲ್ಲೇ ಹೇಳಿರುತ್ತಾರೆ. ಮುಖಕ್ಕೆ ಸ್ವಲ್ಪ ಹೊತ್ತು ಹಬೆ ತೋರಿಸಿದರೆ ತೊಂದರೆಯಿಲ್ಲ. ಇಡೀ ಮೈಯನ್ನು ಬಿಸಿ ಮಾಡುವ ಸ್ಟೀಮ್ ಬಾತ್, ಸೌನಾ ಬೇಡ. ಮೊದಲ ತಿಂಗಳುಗಳಲ್ಲಿ ಮೈಬಿಸಿ ಬಹಳ ಏರಿದರೆ ಮಗುವಿನ ಬೆನ್ನುಹುರಿ ರೂಪುಗೊಳ್ಳುವುದಕ್ಕೆ ತೊಂದರೆಯಾಗಬಹುದು. ಐದು ತಿಂಗಳ ನಂತರ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರುತ್ತದೆ; ಬಲಸೊಂಟದ ಕೆಳಗೆ ಒಂದು ದಿಂಬು ಇಡಲು ಹೇಳಿ.

ಉತ್ತರ: ಸೂಲಗಿತ್ತಿ

ನಾನು ಹೆರಿಗೆ ವಾರ್ಡಿನ ಶುಶ್ರೂಷಕಿ. ಚರ್ಮದ ಮಾತು ಬಂದಾಗಲೆಲ್ಲ ಒಂದು ವಿಷಯವನ್ನು ಹೇಳದೆ ಇರಲಾರೆ. ಹೊಟ್ಟೆ ಹಿಗ್ಗುವಾಗ ತುರಿಕೆ ಅನೇಕರಿಗೆ ಬರುತ್ತದೆ, ಹೊಕ್ಕುಳಿನಿಂದ ಕೆಳಗೆ ಕಪ್ಪು ಗೆರೆ ಮೂಡುವುದೂ ಸಹಜ. ಆದರೆ ಕೊನೆಯ ಮೂರು ತಿಂಗಳಲ್ಲಿ, ಗುಳ್ಳೆಯಾಗಲಿ ದದ್ದಾಗಲಿ ಇಲ್ಲದೆ, ಅಂಗೈ ಅಂಗಾಲುಗಳು ರಾತ್ರಿ ನಿದ್ದೆಗೆಡುವಷ್ಟು ತುರಿಸತೊಡಗಿದರೆ ಅದಕ್ಕೆ ಲೋಷನ್ ಹುಡುಕುತ್ತ ಕೂರಬೇಡಿ. ಅದು ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದಿರುವ ತೊಂದರೆಯಾಗಿರಬಹುದು. ರಕ್ತದಲ್ಲಿ ಪಿತ್ತಾಮ್ಲಗಳ ಮಟ್ಟ ನೋಡಬೇಕಾಗುತ್ತದೆ. ಅದು ಲೀಟರಿಗೆ 100 ಮೈಕ್ರೋಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಂಭವ ಹೆಚ್ಚುವುದರಿಂದ ಹೆರಿಗೆಯನ್ನು ಅವಧಿಗೆ ಮುಂಚೆಯೇ ಮಾಡಿಸುವ ತೀರ್ಮಾನವನ್ನೂ ಮಾಡುತ್ತಾರೆ. ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಮಚ್ಚೆಯೊಂದು ಆಕಾರ ಬದಲಿಸಿದರೆ ಅಥವಾ ರಕ್ತ ಒಸರಿದರೆ ‘ಬಸಿರಿನಲ್ಲಿ ಹೀಗೇ’ ಎಂದು ಬಿಡದೆ ಅದನ್ನೂ ತೋರಿಸಿ.

ಮರುಪ್ರಶ್ನೆ: ಮೊದಲಬಸಿರು

ಎಲ್ಲರಿಗೂ ಕೃತಜ್ಞತೆಗಳು. ಅಜೆಲಾಯಿಕ್ ಆಮ್ಲದ ಬಗ್ಗೆ ತಜ್ಞೆಯವರನ್ನು ಫೋನಿನಲ್ಲಿ ವಿಚಾರಿಸಿದೆ, ಹಚ್ಚಬಹುದು ಎಂದರು. ಕೊನೆಯದಾಗಿ ಒಂದು ಸಂದೇಹ: ಅಡಪಲೀನ್ ಅನ್ನು ಮತ್ತೆ ಯಾವಾಗ ಶುರುಮಾಡಬಹುದು? ಹಾಲೂಡಿಸುವುದು ಮುಗಿಯುವವರೆಗೂ ಕಾಯಬೇಕೇ?

ಉತ್ತರ: ಔಷಧಿಪೆಟ್ಟಿಗೆ

ಅಷ್ಟು ಕಾಯಬೇಕಾಗಿಲ್ಲ. ರಕ್ತಕ್ಕೇ ಅತ್ಯಲ್ಪ ಇಳಿಯುವ ಔಷಧ ಹಾಲಿಗೆ ಇಳಿಯುವುದು ಇನ್ನೂ ಕಡಿಮೆ, ಆದ್ದರಿಂದ ವೈದ್ಯರು ಒಪ್ಪಿದರೆ ಬಾಣಂತನದಲ್ಲೂ ಮುಖಕ್ಕೆ ಹಚ್ಚಬಹುದು. ಎದೆಯ ಮೇಲೆ ಅಥವಾ ಮಗುವಿನ ಕೆನ್ನೆ ತಾಗುವ ಜಾಗಕ್ಕೆ ಹಚ್ಚಬೇಡಿ, ಹಚ್ಚಿದ ಕೈಯನ್ನು ಸೋಪಿನಿಂದ ತೊಳೆದೇ ಮಗುವನ್ನು ಎತ್ತಿಕೊಳ್ಳಿ. ನುಂಗುವ ಐಸೊಟ್ರೆಟಿನಾಯಿನ್ ಮಾತ್ರ ಹಾಲೂಡಿಸುವಾಗಲೂ ನಿಷಿದ್ಧ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದನ್ನು ಬರೆದುಕೊಡುವ ವೈದ್ಯರಿಗೆ ಮೊದಲೇ ತಿಳಿಸಿ.